ದೊಡ್ಡಮ್ಮನ ನೀಲಿ ಬ್ಯಾಗು

“ಕಕ್ಕಸು ತೊಳೆಯೋಳಿಗೆ ಕಿಟಕಿ ಪಕ್ಕದ ಸೀಟು ಬೇರೆ ಕೇಡು! ಇಳಿಯೇ, ಇಳಿ!”

ಹೀಗೆ ಕೂಗುತ್ತ ವಿಮಾನದ ಮೆಟ್ಟಿಲಿಳಿದು ಬಂದವನು ಇಸ್ತ್ರಿ ಸಾಹೇಬ. ವಿಮಾನ ಕಂಪನಿಯ ಈ ಅಧಿಕಾರಿಯ ಅಂಗಿ ಎಂಥ ಸೆಕೆಯಲ್ಲೂ ಮುದುಡುತ್ತಿರಲಿಲ್ಲ. ಅದಕ್ಕೇ ಲಗೇಜು ಹೊರುವ ನಾವು ನಾಲ್ಕು ಜನ ಅವನಿಗೆ ಆ ಹೆಸರಿಟ್ಟಿದ್ದೆವು. ಅವನ ಮುಂದೆ ಇಬ್ಬರು ಕಾವಲಿನವರು ದೊಡ್ಡಮ್ಮನ ರಟ್ಟೆ ಹಿಡಿದು ಎಳೆದು ತರುತ್ತಿದ್ದರು. ಅವಳ ಒಂದು ಚಪ್ಪಲಿ ಮೇಲೆಯೇ ಉಳಿದಿತ್ತು.

ನಾವೆಲ್ಲ ದೊಡ್ಡಮ್ಮ ಎಂದು ಕರೆಯುವ ಅವಳು ಹನ್ನೊಂದು ವರ್ಷದಿಂದ ಇದೇ ನಿಲ್ದಾಣದ ಕಕ್ಕಸು ತೊಳೆಯುತ್ತಿದ್ದಳು. ಇಷ್ಟು ವರ್ಷ ವಿಮಾನದ ಸದ್ದು ಕೇಳಿದ್ದಳೇ ಹೊರತು ಒಂದನ್ನೂ ಹತ್ತಿರಲಿಲ್ಲ. ಅವತ್ತು ಹತ್ತಿದ್ದಳು, ಮಗಳ ಮದುವೆಗೆ. ಊಟವಿಲ್ಲ, ಬಳಗವಿಲ್ಲ, ದೂರದ ಊರಿನ ರಿಜಿಸ್ಟ್ರಾರ್ ಕಚೇರಿಯಲ್ಲಿ ನಾಲ್ಕು ಗಂಟೆಗೆ ಎರಡು ಸಹಿ, ಅಷ್ಟೆ. ಹುಡುಗನನ್ನು ಮಗಳೇ ಹುಡುಕಿಕೊಂಡಿದ್ದಳು. ‘ನನ್ನ ಹೆಣದ ಮೇಲೆ ಮಾಡ್ಕೋ’ ಎಂದು ದೊಡ್ಡಮ್ಮ ಮೂರು ವರ್ಷ ಮಾತು ಬಿಟ್ಟಿದ್ದಳು. ಹೋದ ವಾರ ಮಗಳಿಂದ ಒಂದು ಸುದ್ದಿ ಬಂತು: ‘ಬಂದ್ರೆ ಬಾ. ಬರದಿದ್ರೆ ಸಿಟ್ಟು ಇಳೀಲಿಲ್ಲ ಅಂದ್ಕೊಳ್ತೀನಿ. ಇನ್ಮೇಲೆ ಕರೆಯಲ್ಲ.’ ಫೋನು ಮಾಡಿ ಬರುತ್ತೇನೆ ಎನ್ನಲು ದೊಡ್ಡಮ್ಮನಿಗೆ ಬಿಗುಮಾನ. ಹೋಗಿ ಎದುರಿಗೆ ನಿಂತರಾಯಿತು ಎಂದು ಸುಮ್ಮನೆ ಟಿಕೆಟ್ ಮಾಡಿಸಿದ್ದಳು. ತಾಯಿಯಂತೆ ಮಗಳು ಎಂದು ಸುಮ್ಮನೆ ಹೇಳುವುದಿಲ್ಲ.

ವಿಮಾನದೊಳಗೆ ನಡೆದದ್ದನ್ನು ಅಲ್ಲೇ ಇದ್ದ ಸೀಟು ಒರೆಸುವವಳು ಆಮೇಲೆ ಹೇಳಿದಳು. ಇರುವ ಸೀಟಿಗಿಂತ ಹೆಚ್ಚು ಟಿಕೆಟ್ ಮಾರುವುದು ಕಂಪನಿಯ ಹಳೇ ಚಾಳಿ. ಕೊನೇ ಗಳಿಗೆಯಲ್ಲಿ ಯಾರೋ ದೊಡ್ಡ ಮನುಷ್ಯ ಬಂದ. ಒಬ್ಬರು ಇಳಿಯಬೇಕು. ಯಾರನ್ನು ಇಳಿಸಿದರೆ ಗಲಾಟೆಯಾಗುವುದಿಲ್ಲ ಎಂದು ಇಸ್ತ್ರಿ ಸಾಹೇಬ ಒಂದೊಂದೇ ಸಾಲು ನೋಡುತ್ತ ಬಂದ. ಹದಿನಾಲ್ಕನೇ ಸಾಲಿನಲ್ಲಿ ಪರಿಚಯದ ಮುಖ ಸಿಕ್ಕಿತು.

“ದುಡ್ಡು ಕೊಟ್ಟಿದೀನಿ ಸಾಹೇಬ್ರೆ, ಬಿಟ್ಟಿ ಹತ್ತಿಲ್ಲ,” ಎಂದಳು ದೊಡ್ಡಮ್ಮ ಕೆಳಗೆ ನಿಂತು.

“ನಾಳೆ ಹೋಗು. ನಿನಗೇನು ಪಾರ್ಲಿಮೆಂಟ್ ಕಾದು ಕೂತಿದ್ಯಾ?”

“ಮಗಳು ಕಾದು ಕೂತಿದಾಳೆ.”

“ಕೂರಲಿ ಬಿಡು,” ಎಂದು ಅವನು ಅವಳನ್ನು ಅಲ್ಲೇ ನಿಂತಿದ್ದ ಬಸ್ಸಿಗೆ ಹತ್ತಿಸಿದ. ಆಮೇಲೆ ನಮ್ಮ ಕಡೆ ತಿರುಗಿದ. “ಲೇ ಕತ್ತೆಗಳಾ, ಅವಳ ನೀಲಿ ಬ್ಯಾಗ್ ತೆಗೀರಿ. ಐದೇ ನಿಮಿಷ!”

ಇಳಿದವರ ಬ್ಯಾಗೂ ಇಳಿಯಬೇಕು. ಆಳು ಕೆಳಗೆ, ಬ್ಯಾಗು ಒಳಗೆ ಎಂದಾದರೆ ವಿಮಾನ ಹಾರುವಂತಿಲ್ಲ. ನಮಗೆ ಮೊದಲ ದಿನವೇ ಕಲಿಸುವ ಪಾಠವಿದು. ದೊಡ್ಡಮ್ಮನ ನೀಲಿ ರೆಕ್ಸಿನ್ ಬ್ಯಾಗು ಎಲ್ಲಿದೆಯೆಂದು ಕಣ್ಣು ಕಟ್ಟಿದರೂ ನಾವು ಹೇಳುತ್ತಿದ್ದೆವು. ಅಲ್ಲಿ ಇಳಿದ ಕೂಡಲೇ ಸಿಗಲಿ ಎಂದು ನಾವೇ ಅದನ್ನು ಬಾಗಿಲ ಪಕ್ಕ ಇಟ್ಟಿದ್ದೆವು.

ನಮ್ಮಲ್ಲಿ ಹಿರಿಯನನ್ನು ಎಲ್ಲರೂ ಮಾವ ಎನ್ನುತ್ತೇವೆ. ಮಾವ ವಿಮಾನದ ಹೊಟ್ಟೆಯೊಳಗೆ ಹತ್ತಿದ. ನೀಲಿ ಬ್ಯಾಗಿನ ಮೇಲೆ ತನ್ನ ಮಳೆಕೋಟು ಹಾಸಿದ. ಅದರ ಮೇಲೆ ಕುಂಡಿ ಊರಿ, “ಹುಡುಕ್ರೋ,” ಎಂದ.

ಹುಡುಕಿದೆವು. ಜನ್ಮದಲ್ಲಿ ಅಷ್ಟು ನಿಷ್ಠೆಯಿಂದ ಕೆಲಸ ಮಾಡಿದ್ದಿಲ್ಲ. ‘ಚೀಟಿ ಪೂರ್ತಿ ಓದದೆ ಬ್ಯಾಗ್ ಮುಟ್ಟಿದ್ರೆ ಕೈ ಮುರೀತೀನಿ’ ಎಂದು ಹೋದ ತಿಂಗಳು ಇಸ್ತ್ರಿ ಸಾಹೇಬನೇ ಅಬ್ಬರಿಸಿದ್ದ. ದೊಡ್ಡವರ ಮಾತು ಮೀರುವುದುಂಟೇ? ಒಂದೊಂದೇ ಬ್ಯಾಗು ಹೊರಗಿಟ್ಟು ಚೀಟಿ ಓದಿದೆವು. ನಮ್ಮ ಕುಳ್ಳನಿಗೆ ಅಕ್ಷರವೇ ಬಾರದು. ಅವನು ಎಲ್ಲರಿಗಿಂತ ಹೆಚ್ಚು ಹೊತ್ತು ಓದಿದ.

“ಸಿಕ್ತೇನ್ರೋ?”

“ಕೆಂಪು ಬ್ಯಾಗ್ ಸಿಕ್ತು ಸಾಹೇಬ್ರೆ.”

“ನೀಲಿ ಅಂದೆನಲ್ಲೋ ಬಡ್ಡೀಮಗನೆ!”

“ನೀಲಿನೂ ಹನ್ನೆರಡು ಸಿಕ್ಕಿವೆ. ಯಾವ ನೀಲಿ? ಆಕಾಶದ್ದಾ, ಇಂಕಿಂದಾ?”

ಮುಕ್ಕಾಲು ಗಂಟೆ ಕಳೆಯಿತು. ದೊಡ್ಡಮ್ಮನನ್ನು ಎಳೆಯುವಾಗ ಒಳಗಿದ್ದವರು ವಿಡಿಯೋ ತೆಗೆಯಲು ಫೋನು ಎತ್ತಿದ್ದರೇ ಹೊರತು ಸೊಂಟ ಎತ್ತಿರಲಿಲ್ಲ. ಈಗ ತಣ್ಣನೆಯ ಗಾಳಿ ನಿಂತು ಬೆವರು ಇಳಿದಾಗ ಅವರಿಗೂ ನ್ಯಾಯ ನೆನಪಾಯಿತು. “ಆ ಹೆಂಗಸನ್ನ ಯಾಕ್ರೀ ಇಳಿಸಿದ್ರಿ?” ಎಂದು ಬಾಗಿಲಲ್ಲಿ ಗದ್ದಲ ಶುರುವಾಯಿತು.

ಆಗ ಇಸ್ತ್ರಿ ಸಾಹೇಬನಿಗೆ ಒಂದು ಉಪಾಯ ಹೊಳೆಯಿತು. ಎಲ್ಲರೂ ಇಳಿದು ಬಂದು ತಮ್ಮ ತಮ್ಮ ಬ್ಯಾಗು ಮುಟ್ಟಿ ತೋರಿಸಬೇಕು, ಯಾರೂ ಮುಟ್ಟದೆ ಉಳಿದದ್ದೇ ಮುದುಕಿಯದು.

“ಮಾವ, ಕೆಟ್ವಿ,” ಎಂದೆ ನಾನು.

“ಬರ್ಲಿ ಬಿಡೋ. ತಾನಾಗೇ ಮಂದಿ ಕರ್ಕೊಂಡು ಬರ್ತಿದಾನೆ, ಪುಣ್ಯಾತ್ಮ.”

ಮಂದಿ ಬಂದರು. ಇಪ್ಪತ್ತು ಹೆಜ್ಜೆ ಆಚೆ ಬಸ್ಸು, ಅದರ ಬಾಗಿಲಲ್ಲಿ ಒಂಟಿ ಚಪ್ಪಲಿಯ ದೊಡ್ಡಮ್ಮ. ಕಂಕುಳಲ್ಲಿ ಮಗು ಇದ್ದ ಒಬ್ಬ ಹೆಂಗಸು ಹತ್ತಿರ ಹೋಗಿ ಏನಾಯಿತೆಂದು ಕೇಳಿದಳು. ದೊಡ್ಡಮ್ಮ ಹೇಳಿದಳು, ಮೂರು ವರ್ಷದ ಸಿಟ್ಟನ್ನೂ ಸೇರಿಸಿ. ಮಾತು ಬಾಯಿಂದ ಬಾಯಿಗೆ ಹರಡಿತು. ಕೆಲವರು ಬ್ಯಾಗು ತೋರಿಸಿ ಮೇಲೆ ಹೋಗಿ ಕೂತರು, ಬಹಳ ಜನ ಕೆಳಗೇ ನಿಂತರು. ಕೊನೆಗೆ ನೋಡಿದರೆ ಎಲ್ಲ ಬ್ಯಾಗಿಗೂ ವಾರಸುದಾರರಿದ್ದರು. ಉಳಿದದ್ದು ಸೊನ್ನೆ.

ಇಸ್ತ್ರಿ ಸಾಹೇಬ ವಿಮಾನದ ಹೊಟ್ಟೆಯೊಳಗೆ ತಲೆ ತೂರಿಸಿದ. ಮಾವ ಕೂತೇ ಇದ್ದ.

“ಏಳೋ ಮೇಲೆ.”

“ಮಂಡಿ ನೋವು ಸಾಹೇಬ್ರೆ.”

“ಅಡಿಯಲ್ಲಿ ಏನೋ ಅದು?”

“ನನ್ನ ಸೀಟು.”

“ಪಾಸ್ ಕಿತ್ಕೊಂಡು ಗೇಟಿಂದಾಚೆ ಒದೀತೀನಿ, ಬೋಳಿಮಗನೆ!”

“ಒದೀರಿ. ಆದ್ರೆ ನಾನಾಗಿ ಏಳಲ್ಲ, ಎಳ್ಕೊಂಡೇ ಹೋಗ್ಬೇಕು. ದೊಡ್ಡಮ್ಮನ್ನ ಎಳೆದ್ರಲ್ಲ, ಹಾಗೆ. ನೋಡೋಕೆ ಜನಾನೂ ಸೇರಿದಾರೆ.”

ಸಾಹೇಬ ಕಾವಲಿನವರನ್ನು ಕರೆದ. ಅವರು ಸುತ್ತ ಎದ್ದಿದ್ದ ಫೋನುಗಳನ್ನು ನೋಡಿ, ಟೋಪಿ ಸರಿಮಾಡಿಕೊಂಡು, ನಿಂತಲ್ಲೇ ನಿಂತರು. ಮನೆಯಲ್ಲಿ ನಾಲ್ಕು ಬಾಯಿಗಳಿವೆ, ನನಗಿರುವುದು ನಿಲ್ದಾಣದೊಳಗೆ ಬಿಡುವ ಆ ಒಂದು ಪಾಸು. ಆದರೂ ಕಾಲು ತಾನಾಗಿ ಮಡಚಿತು, ಕೈಗೆ ಸಿಕ್ಕ ಸೂಟ್‌ಕೇಸಿನ ಮೇಲೆ ಕೂತೆ. ಕುಳ್ಳನೂ ಕೂತ, ನಾಲ್ಕನೆಯವನೂ ಕೂತ.

“ಅದು ನನ್ನದು ಕಣಯ್ಯಾ,” ಎಂದರು ಒಬ್ಬ ಬೋಳು ತಲೆಯವರು.

“ಗೊತ್ತು ಸಾರ್. ಮುರಿಯಲ್ಲ.”

ಅವರು ಒಂದು ಗಳಿಗೆ ಯೋಚಿಸಿ, “ಸ್ವಲ್ಪ ಸರ್ಕೋ,” ಎಂದು ನನ್ನ ಪಕ್ಕ ಕೂತರು.

ಅಷ್ಟರಲ್ಲಿ ದೊಡ್ಡಮ್ಮನ ಫೋನು ಕೂಗಿತು. ಸ್ಪೀಕರ್ ಹಾಕಿದ್ದರಿಂದ ಆ ಕಡೆಯ ದನಿ ನಮ್ಮೆಲ್ಲರಿಗೂ ಕೇಳುವಷ್ಟು ಜೋರಾಗಿತ್ತು.

“ಅಮ್ಮ! ನಿನ್ನ ಎಳ್ಕೊಂಡು ಹೋಗೋದು ಎಲ್ಲರ ಫೋನಲ್ಲೂ ಬರ್ತಿದೆ. ನೀನು ನನ್ನ ಮದುವೆಗೆ ಹೊರಟಿದ್ಯಾ?”

“ಇಲ್ಲ, ವಿಮಾನದ ಕಕ್ಕಸು ತೊಳೆಯೋಕೆ ಹತ್ತಿದ್ದೆ. ಕೇಳೋದು ನೋಡು!” ಎಂದವಳೇ ದೊಡ್ಡಮ್ಮ ಗೊಳೋ ಎಂದು ಅತ್ತಳು. ಅವಳು ಅತ್ತದ್ದನ್ನು ನಾನು ಅವತ್ತೇ ಕಂಡದ್ದು.

“ನೀನು ಬರೋ ತನಕ ನಾನು ಸಹಿ ಹಾಕಲ್ಲ ಅಮ್ಮ. ಕಚೇರಿಯಲ್ಲೇ ಕೂತಿರ್ತೀನಿ. ಬಾಗಿಲು ಹಾಕೋಕೆ ಬಂದ್ರೆ ನನ್ನೂ ಎಳ್ಕೊಂಡು ಹೋಗ್ಲಿ.”

ಇಸ್ತ್ರಿ ಸಾಹೇಬನ ವಾಕಿಟಾಕಿಯಲ್ಲಿ ಅವನ ಮೇಲಿನವನು ಬೊಬ್ಬೆ ಹೊಡೆಯುತ್ತಿದ್ದ. ಸಾಹೇಬ ಓಡಿಬಂದು ಕೈ ಮುಗಿದ. “ಅಮ್ಮಾ, ಬನ್ನಿ, ಹತ್ತಿ. ಹಿಂದುಗಡೆ ಸಿಬ್ಬಂದಿ ಕೂರೋ ಜಾಗ ಖಾಲಿ ಇದೆ, ಕಕ್ಕಸಿನ ಪಕ್ಕ. ಅಡ್ಜಸ್ಟ್ ಮಾಡ್ಕೊಳ್ಳಿ.”

ದೊಡ್ಡಮ್ಮ ಮೂಗು ಒರೆಸಿಕೊಂಡು ಮೆಟ್ಟಿಲ ತನಕ ನಡೆದು ಬಂದಳು. ಹತ್ತಲಿಲ್ಲ. ಕೆಳಗಿನ ಮೆಟ್ಟಿಲ ಮೇಲೆ ಕೂತಳು.

“ಕಕ್ಕಸಿನ ಪಕ್ಕ ಹನ್ನೊಂದು ವರ್ಷ ಅಡ್ಜಸ್ಟ್ ಮಾಡ್ಕೊಂಡಿದೀನಿ. ನನ್ನ ಟಿಕೆಟು ಹದಿನಾಲ್ಕನೇ ಸಾಲಿನ ಕಿಟಕಿದು. ಅಲ್ಲಿ ಕೂತಿರೋನ್ನ ಇಳಿಸು.”

“ಅವರು ಯಾರು ಅಂತ ಗೊತ್ತಾ ನಿಮಗೆ?”

“ಗೊತ್ತಿಲ್ಲ. ನಾನು ಯಾರು ಅಂತ ನಿನಗೆ ಗೊತ್ತಿತ್ತಲ್ಲ, ಅದಕ್ಕೇ ತಾನೆ ಇಳಿಸಿದ್ದು? ಹೋಗು. ಎಳೀಬೇಡ ಮತ್ತೆ. ಮರ್ಯಾದೆಯಿಂದ ಇಳಿಸು.”

ಕೆಳಗಿದ್ದವರೆಲ್ಲ ಕತ್ತೆತ್ತಿ ಆ ಕಿಟಕಿಯನ್ನೇ ನೋಡಿದರು. ಗಾಜಿನ ಹಿಂದೆ ದೊಡ್ಡ ಮನುಷ್ಯನ ಮುಖವಿತ್ತು. ಅವನು ಸರಕ್ಕನೆ ಕಿಟಕಿಯ ಮುಚ್ಚಳ ಎಳೆದುಕೊಂಡ. ಪಕ್ಕದ ಸೀಟಿನ ಯಾರದೋ ಕೈ ಅದನ್ನು ಮತ್ತೆ ಮೇಲಕ್ಕೆತ್ತಿತು.