ಇನ್ನೂರು ವರ್ಷದ ಕೆಂಪು

ಅತ್ತೆಯ ಬಳಿ ಹಿಂದಿನ ಕಾಲದ, ಒಬ್ಬರ ಕೈಯಲ್ಲೇ ತಯಾರಾದ ಎರಡು ಕೆಂಪು ಹರಳಿನ ಉಂಗುರಗಳಿದ್ದವು. ಇಬ್ಬರು ಸೊಸೆಯರಿಗೂ ಒಂದೊಂದು ಕೊಟ್ಟಿದ್ದರು. ಕೊಟ್ಟಿದ್ದರು ಎಂದರೆ, ವಾರಕ್ಕೊಮ್ಮೆ ಪೆಟ್ಟಿಗೆ ತೆಗೆಸಿ ನೋಡುತ್ತಿದ್ದರು. ಹಳೆಯ ಒಡವೆಗಳ ಪರಿಣತರು ನಾಳೆ ಉಂಗುರ ನೋಡಲು ಬರುತ್ತಾರೆ ಎಂದು ತಿಳಿದದ್ದೇ ಕಿರಿಯವಳು ಬೆಳಿಗ್ಗೆಯೇ ತನ್ನದನ್ನು ಬಿಸಿ ಸೋಪಿನ ನೀರಲ್ಲಿ ನೆನೆಹಾಕಿದಳು. ಸ್ವಚ್ಛತೆಯ ವಿಷಯದಲ್ಲಿ ಅವಳ ಕಡೆ ಯಾರೂ ಬೆರಳು ತೋರಿಸಬಾರದು. ಮಧ್ಯಾಹ್ನ ತೆಗೆದು ನೋಡಿದರೆ ದಾಳಿಂಬೆ ಕಾಳಿನಂತಿದ್ದ ಹರಳು ಹುಣಸೆಬೀಜದಂತಾಗಿತ್ತು.

ಅಕ್ಕಸಾಲಿಯ ಅಂಗಡಿಗೆ ಓಡಿದಳು.

“ಇದರ ತಳ ಮುಚ್ಚಿದೆ, ನೋಡಿ. ಹರಳಿನಡಿ ಕನ್ನಡಿ ಥರ ಹೊಳೆಯೋ ತೆಳ್ಳನೆ ಬೆಳ್ಳಿ ತಗಡು ಇಡ್ತಿದ್ರು ಹಿಂದಿನವರು. ಅರ್ಧ ಹೊಳಪು ಅದರದ್ದೇ. ಒಳಗೆ ನೀರು ಹೋದ್ರೆ ಅದು ಕಪ್ಪಾಗುತ್ತೆ. ನೀವು ಇದಕ್ಕೆ ಸ್ನಾನ ಮಾಡಿಸಿಲ್ಲ ತಾಯಿ, ಮುಳುಗಿಸಿಬಿಟ್ಟಿದ್ದೀರಿ.”

“ನಾಳೆಗೆ ಸರಿಹೋಗುತ್ತಾ?”

“ಬಿಚ್ಚಿ ಹೊಸ ತಗಡು ಕೂರಿಸೋಕೆ ಎಂಟು ದಿನ.”

ಮರುದಿನ ಪರಿಣತರು ಸೋಫಾದಲ್ಲಿ ಕೂತು, ಮಸೂರವನ್ನು ಕಣ್ಣಿಗೊತ್ತಿ, ಅವಳ ಉಂಗುರವನ್ನೇ ಮೊದಲು ಎತ್ತಿಕೊಂಡರು. ಅವಳು ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆಯುತ್ತ ನಿಂತಳು.

“ಆಹಾ! ಈ ಗಾಢ ಬಣ್ಣ ಬರೋಕೆ ಇನ್ನೂರು ವರ್ಷ ಬೇಕಮ್ಮ. ಕಾಲವೇ ಒಳಗಿಳಿದಿದೆ.”

ಇಳಿದದ್ದು ಸೋಪಿನ ನೀರು. ಆದರೂ ಅವಳಿಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಅವರು ಹಿರಿಯವಳ ಥಳಥಳಿಸುವ ಉಂಗುರ ಎತ್ತಿದರು.

“ಇದು ನಕಲು. ನಿನ್ನೆ ಮೊನ್ನೆ ಮಾಡಿದ್ದು.”

ಅತ್ತೆ ಹಿರಿಸೊಸೆಯತ್ತ ತಿರುಗಿದರು. “ಅಸಲಿ ಎಲ್ಲೇ? ಹೋದ ತಿಂಗಳು ತವರಿಗೆ ಹೋಗಿದ್ಯಲ್ಲ, ಅಲ್ಲಿ ಬದಲಾಯ್ತಾ?”

“ಪೆಟ್ಟಿಗೆಯಿಂದ ಆಚೆಗೇ ತೆಗ್ದಿಲ್ಲ ಅತ್ತೆ!”

ಸುಮ್ಮನಿದ್ದರೆ ತಾನು ಬಚಾವು, ಓರಗಿತ್ತಿ ಕಳ್ಳಿ. ಕಿರಿಯವಳು ಅತ್ತೆಯ ಎದುರಿಗೆ ಬಂದಳು.

“ನನ್ನದನ್ನ ನಾನೇ ತೊಳೆದು ಕಪ್ಪು ಮಾಡಿದೆ, ಅತ್ತೆ. ಹೋದ ವಾರ ನೀವೇ ನೋಡಿದ್ರಲ್ಲ, ಎರಡೂ ಒಂದೇ ಥರ ಹೊಳೀತಿದ್ವು.”

“ಇವರಿಗಿಂತ ನನ್ನ ಕಣ್ಣು ಹೆಚ್ಚೇನೇ? ಓರಗಿತ್ತೀನ ಉಳಿಸೋಕೆ ಕಥೆ ಕಟ್ತಾಳೆ!”

ಪರಿಣತರು ನಕ್ಕರು. “ಸೋಪಿಗೆ ಅಷ್ಟು ಶಕ್ತಿ ಇದ್ದಿದ್ರೆ ನಾನು ಸೋಪೇ ಮಾರ್ತಿದ್ದೆ.”

“ಬೇಕಿದ್ರೆ ಅಕ್ಕಸಾಲೀನ ಕೇಳಿ.”

“ಅವನು ಮಾಡೋನಷ್ಟೇ ಅಮ್ಮ. ಅವನಿಗೇನು ಗೊತ್ತು?”

ಹಿರಿಯವಳು ತನ್ನ ಉಂಗುರವನ್ನು ಬಾಚಿಕೊಂಡು, ಕಿರಿಯವಳನ್ನು ಅಡುಗೆಮನೆಗೆ ಎಳೆದೊಯ್ದಳು. ಅಳುತ್ತಾಳೇನೋ ಎಂದುಕೊಂಡರೆ, ಒಲೆಯ ಮೇಲೆ ನೀರಿಟ್ಟಳು.

“ಎಷ್ಟು ಹೊತ್ತು ನೆನೆಹಾಕಿದ್ದೆ?”

“ಬೆಳಗಿಂದ ಮಧ್ಯಾಹ್ನದವರೆಗೆ. ಬೇಡ ಅಕ್ಕ, ಒಳ್ಳೇ ಉಂಗುರ ಹಾಳಾಗುತ್ತೆ!”

“ಹಾಳಾಗ್ಲಿ. ಕಳ್ಳಿ ಅನ್ನಿಸ್ಕೊಂಡು ಇದನ್ನ ಯಾವ ಬೆರಳಿಗೆ ಹಾಕ್ಕೊಳ್ಳಲಿ? ನೀನು ಹೋಗಿ ಅವರಿಗೆ ಚಹಾ ಕೊಡು, ಊಟಕ್ಕೂ ನಿಲ್ಲಿಸ್ಕೋ. ಇದಕ್ಕೆ ವಯಸ್ಸಾಗೋವರೆಗೂ ಏಳೋಕೆ ಬಿಡಬೇಡ.”