ಕುದುರೆಗೆ ಸಿಕ್ಕ ಪದಕ

ಬೆಳಿಗ್ಗೆ ಆರೂವರೆಗೆ ಅವಳು ನರ್ಸಿನ ಬಿಳಿ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದಾಗ ಗಂಡ ಹಾಸಿಗೆಯಿಂದಲೇ ಕೈ ಚಾಚಿದ. ಕೈಯಲ್ಲಿ ವಾಚು ಇತ್ತು.

"ಏಯ್, ಬಿಟ್ಟೇ ಹೋಗ್ತಿದ್ದೀಯಲ್ಲ. ಕಟ್ಕೊ. ಇನ್ನು ಮೂರೇ ದಿನ."

"ಇವತ್ತಾದ್ರೂ ನೀವೇ ಕಟ್ಕೊಂಡು ನಾಲ್ಕು ಹೆಜ್ಜೆ ಹಾಕ್ಬಾರ್ದಾ?"

"ನಾನು ನಾಲ್ಕು ಹಾಕಿದ್ರೆ ನಾಲ್ಕೇ ಬರತ್ತೆ. ನೀನು ಹಾಕಿದ್ರೆ ಹದಿನಾರು ಸಾವಿರ," ಎಂದು ನಕ್ಕು ಅವನು ಮಗ್ಗುಲು ಬದಲಿಸಿದ.

ಹೆಜ್ಜೆ ಎಣಿಸುವ ಆ ವಾಚು ಅವನ ಆಫೀಸಿನದು. ನೌಕರರು ಕೂತು ಕೂತೇ ಕಾಯಿಲೆ ಬೀಳುತ್ತಿದ್ದಾರೆಂದು ಮ್ಯಾನೇಜರು ಆರು ತಿಂಗಳ ನಡಿಗೆ ಸ್ಪರ್ಧೆ ಇಟ್ಟಿದ್ದರು. ವಾರವಾರವೂ ಗೋಡೆಯ ಮೇಲೆ ಪಟ್ಟಿ. ಕೊನೆಯ ಮೂವರಿಗೆ ಮ್ಯಾನೇಜರ ಕೋಣೆಗೆ ಕರೆ. ಮೊದಲ ವಾರವೇ ಕರೆ ಬಂದು, ಮುಖ ಚಿಕ್ಕದು ಮಾಡಿಕೊಂಡು ಮನೆಗೆ ಬಂದವನನ್ನು ನೋಡಲಾರದೆ, ಒಂದು ದಿನದ ಮಟ್ಟಿಗೆಂದು ಅವಳು ಮುಂಗೈ ಒಡ್ಡಿದ್ದಳು. ಆ ಒಂದು ದಿನ ಮುಗಿಯಲೇ ಇಲ್ಲ. ಈಗ ಪಟ್ಟಿಯ ತುದಿಯಲ್ಲಿ ಅವನ ಹೆಸರು. ಆಫೀಸಿನಲ್ಲಿ ಅವನನ್ನು ಎಲ್ಲರೂ 'ಕುದುರೆ' ಎನ್ನುತ್ತಿದ್ದರು.

ಅವಳ ಆಸ್ಪತ್ರೆಗೆ ನಾಲ್ಕು ಮಹಡಿ. ಲಿಫ್ಟು ಕೆಟ್ಟು ಆರು ತಿಂಗಳಾಗಿತ್ತು. ಮೊದಲ ಎರಡು ವಾರ ಮೀನಖಂಡ ಹಿಡಿದುಕೊಂಡು, ಮೂರನೆಯ ಮಹಡಿಯಲ್ಲಿ ಗೋಡೆಗೆ ಒರಗಿ ಏದುಸಿರು ಬಿಡುತ್ತಿದ್ದಳು. ಬರಬರುತ್ತ ನೋವು ಹೋಯಿತು. ಈಗ ಔಷಧಿಯ ಟ್ರೇ ಹಿಡಿದು, ಜೊತೆಯವಳೊಡನೆ ಹರಟುತ್ತಲೇ ಹತ್ತಿಬಿಡುತ್ತಿದ್ದಳು. ಎದ್ದೊಡನೆ ನಾಡಿ ನೋಡಿಕೊಳ್ಳುವುದು ಅವಳ ಹಳೆಯ ಚಾಳಿ. ಎಂಬತ್ತೆರಡಿದ್ದದ್ದು ಅರವತ್ತೆಂಟಕ್ಕೆ ಇಳಿದಿತ್ತು. ಬಲಿತ ಗುಂಡಿಗೆ ಕಡಿಮೆ ಸಲ ಬಡಿದು ಅದೇ ಕೆಲಸ ಮುಗಿಸುತ್ತಿತ್ತು. ಅಂಕಿ ಗಂಡನ ಪಾಲಾಗಿತ್ತು, ಹೆಜ್ಜೆಯ ಫಲ ಮಾತ್ರ ಅವಳ ಎದೆಯಲ್ಲೇ ಉಳಿದಿತ್ತು.

ಗಂಡ ಬೂಟಿನ ದಾರ ಕಟ್ಟಲು ಬಗ್ಗಿದರೆ ಬುಸುಗುಡುವುದನ್ನೂ ಅವಳು ಗಮನಿಸುತ್ತಿದ್ದಳು. ಅವನಿಗೆ ನಲವತ್ತಾರು. ಅವನ ಅಪ್ಪ ಮೆಟ್ಟಿಲ ಮೇಲೆ ಕುಸಿದು ತೀರಿಕೊಂಡಾಗ ನಲವತ್ತೊಂಬತ್ತು.

ಬಹುಮಾನದ ದಿನ ಅವಳು ಅವನ ಆಫೀಸಿನ ಸಭಾಂಗಣದ ಎರಡನೇ ಸಾಲಿನಲ್ಲಿ ಕೂತಿದ್ದಳು. ಗಂಡನ ಕೊರಳಿಗೆ ಪದಕ ಬಿದ್ದ ಮೇಲೆ ಮೈಕು ಅವನ ಕೈಗೆ ಬಂತು.

"ಗುಟ್ಟೇನೂ ಇಲ್ಲ ಸಾರ್. ಶಿಸ್ತು, ಅಷ್ಟೇ. ಮನಸ್ಸು ಮಾಡಬೇಕು."

"ಮತ್ತೆ ಮೇಡಂ? ಅವರನ್ನೂ ಓಡಿಸ್ತೀರಾ?" ಯಾರೋ ಕೇಳಿದರು.

"ಇವಳಿಗಾ? ಹೇಳಿ ಹೇಳಿ ನನ್ನ ಬಾಯಿ ಒಣಗ್ತು. ಮೈ ಬಗ್ಗಿಸೋದು ಅಂದ್ರೆ ಆಗಲ್ಲ."

ಇಡೀ ಸಭೆ ನಕ್ಕಿತು. ಅವಳ ಕಿವಿ ಕಾದ ಹೆಂಚಿನಂತಾಯಿತು. ಎದ್ದು ನಿಂತು ಹೇಳಿಬಿಡಲೆ ಎಂದುಕೊಂಡಳು. ಬೆರಳುಗಳು ಕುರ್ಚಿಯ ಅಂಚನ್ನು ಬಿಡಲಿಲ್ಲ.

ಊಟ ಐದನೇ ಮಹಡಿಯಲ್ಲಿ. ಮ್ಯಾನೇಜರು ಲಿಫ್ಟಿನೊಳಗಿಂದ ಕೂಗಿದರು: "ಕುದುರೆಗೆ ಲಿಫ್ಟು ಯಾಕ್ರೀ? ಮೆಟ್ಟಿಲಲ್ಲಿ ಬನ್ನಿ, ನಮಗಿಂತ ಮುಂಚೆ ಇರ್ತೀರ." ಬಾಗಿಲು ಮುಚ್ಚಿತು. ಅವನಿಗೆ ಬೇರೆ ದಾರಿ ಉಳಿಯಲಿಲ್ಲ. ಅವಳು ಹಿಂದೆಯೇ ಹತ್ತಿದಳು.

ಮೂರನೇ ಮಹಡಿಯ ತಿರುವಿನಲ್ಲಿ ಅವನು ಕಂಬಿ ಹಿಡಿದು ಕುಕ್ಕರಿಸಿದ. ಮುಖ ಸುಣ್ಣ ಬಳಿದಂತಿತ್ತು.

"ಎದೆ ನೋವಾ?"

"ಇಲ್ಲ... ಉಸಿರು..."

ಅವಳು ಮುಂಗೈ ಹಿಡಿದು ಎಣಿಸಿದಳು. ನೂರ ಐವತ್ತು. ಒಂದು ನಿಮಿಷ ಕೂರಿಸಿ ಮತ್ತೆ ಎಣಿಸಿದಳು. ನೂರ ನಲವತ್ತನಾಲ್ಕು. ಪಳಗಿದ ಹೃದಯವಾಗಿದ್ದರೆ ಅಷ್ಟರಲ್ಲಿ ಎಷ್ಟೋ ಇಳಿಯಬೇಕಿತ್ತು.

"ಯಾರಿಗೂ ಹೇಳ್ಬೇಡ ಕಣೇ. ಕಾಲು ಉಳುಕ್ತು ಅಂತೀನಿ."

"ನನಗೆ ಮೈ ಬಗ್ಗಲ್ಲ ಅಲ್ವಾ?" ಅವಳ ದನಿ ತಣ್ಣಗಿತ್ತು. "ದಿನಾ ನನ್ನ ಕಾಲು ಇಸ್ಕೊಂಡು ಹೋಗಿ, ಅಷ್ಟು ಜನರ ಮುಂದೆ ನನಗೇ ಕಾಲಿಲ್ಲ ಅಂದ್ರಿ."

"ತಮಾಷೆಗೆ ಅಂದೆ. ನನ್ನ ಕಷ್ಟ ನಿನಗೇನು ಗೊತ್ತು? ಹತ್ತು ಗಂಟೆ ಕುರ್ಚಿ ಬಿಟ್ಟು ಏಳಕ್ಕಾಗಲ್ಲ. ಅದರ ಮೇಲೆ ಗೋಡೆ ಮೇಲೆ ಹೆಸರು ಬರೆದು ಮಾನ ಕಳೀತಾರೆ." ಅವನು ಉಸಿರು ಎಳೆದುಕೊಂಡ. "ಅಪ್ಪ ಹೀಗೇ ಮೆಟ್ಟಿಲ ಮೇಲೇ ಹೋದ್ರು. ಜೋರಾಗಿ ನಡೆದ್ರೆ ಎದೆ ಒಡೆಯತ್ತೆ ಅನ್ಸತ್ತೆ ನನಗೆ."

"ಅದನ್ನ ನನಗೆ ಹೇಳಿದ್ರೆ ಡಾಕ್ಟರ ಹತ್ರ ಕರ್ಕೊಂಡು ಹೋಗ್ತಿದ್ದೆ. ದಿನಕ್ಕೆ ಹತ್ತು ನಿಮಿಷ ಜೊತೆಗೆ ನಡೀತಿದ್ದೆ. ಆರು ತಿಂಗಳು ರೀ. ನನ್ನ ಎದೆ ಕಲಿತ ಪಾಠ ನಿಮ್ಮದೂ ಕಲೀತಿತ್ತು. ನೀವು ಮೋಸ ಮಾಡಿದ್ದು ಮ್ಯಾನೇಜರಿಗಾ?"

ಮೇಲಿನಿಂದ ಮ್ಯಾನೇಜರು ಬಗ್ಗಿ ನೋಡಿದರು. "ಏನಾಯ್ತು ಕುದುರೆ ಅವರೇ? ಮೇಡಂ ಸುಸ್ತಾದ್ರಾ?"

ಗಂಡ ಅವಳ ಮುಖ ನೋಡಿದ. ಯಾವಾಗಲೂ ಅವನ ಪರವಾಗಿ ಏನಾದರೊಂದು ಹೇಳುತ್ತಿದ್ದವಳು ಈಗ ತುಟಿ ಬಿಚ್ಚಲಿಲ್ಲ. ಕಾದಳು.

ಅವನು ಪದಕ ತೆಗೆದು ಮುಷ್ಟಿಯಲ್ಲಿಟ್ಟುಕೊಂಡ. "ಸುಸ್ತಾಗಿದ್ದು ನನಗೆ ಸಾರ್. ಆ ಹೆಜ್ಜೆ ನನ್ನವಲ್ಲ. ಇವಳವು."

ಮರುದಿನವೇ ಅವಳು ಅವನನ್ನು ತನ್ನ ಆಸ್ಪತ್ರೆಗೆ ಎಳೆದೊಯ್ದಳು. ಪರೀಕ್ಷೆಗಳನ್ನೆಲ್ಲ ನೋಡಿದ ಡಾಕ್ಟರು, ಹೃದಯಕ್ಕೆ ರೋಗವಿಲ್ಲ, ಬರೀ ಸೋಮಾರಿತನ, ನಿಧಾನವಾಗಿ ನಡಿಗೆ ಶುರುಮಾಡಿ ಎಂದರು. ಸ್ಪರ್ಧೆ ಮುಗಿದರೂ ವಾರವಾರದ ಪಟ್ಟಿ ನಿಲ್ಲಲಿಲ್ಲ; ಅದರಲ್ಲಿ ಅವನ ಹೆಸರು ಕಟ್ಟಕಡೆಗೆ ಇಳಿಯಿತು. ಕರೆ ಬಂದಾಗ ಅವನು ಮ್ಯಾನೇಜರ ಕೋಣೆಗೆ ಹೋಗಿ, ಗಂಟೆಗೆ ಐದು ನಿಮಿಷ ಕುರ್ಚಿ ಬಿಟ್ಟೇಳಲು ಬಿಡುವು ಕೇಳಿದನಂತೆ. ಪಟ್ಟಿ ಇನ್ನೂ ಗೋಡೆಯ ಮೇಲೇ ಇದೆ.

ಎಂಟು ವಾರ ಕಳೆದಿವೆ. ಅವಳ ಸಿಟ್ಟು ಪೂರ್ತಿ ಇಳಿದಿಲ್ಲ. ಸಂಜೆ ಡ್ಯೂಟಿ ಮುಗಿಸಿ ಬಂದು ಕಾಲು ಚಾಚಿ ಕೂರುತ್ತಾಳೆ. ಪಾತ್ರೆಗಳು ಅವನಿಗಾಗಿ ತೊಟ್ಟಿಯಲ್ಲಿ ಕಾಯುತ್ತಿರುತ್ತವೆ. ಅವನು ಈಗ ಲಿಫ್ಟು ಬಿಟ್ಟು ಮೆಟ್ಟಿಲಲ್ಲೇ ಬರುತ್ತಾನೆ; ಮೂರನೇ ಮಹಡಿಯ ಅವರ ಮನೆ ಬಾಗಿಲ ಹೊರಗೆ ಹೆಜ್ಜೆಗಳು ಬಂದು ನಿಲ್ಲುತ್ತವೆ. ಆಮೇಲೆ ಒಂದು ನಿಮಿಷ ಸದ್ದಿಲ್ಲ. ಒಳಗೆ ಬರುವ ಮೊದಲು ಅವನು ತನ್ನ ನಾಡಿ ತಾನೇ ಎಣಿಸುತ್ತಿರುತ್ತಾನೆ.

"ಎಷ್ಟು?" ಒಳಗಿಂದಲೇ ಕೇಳುತ್ತಾಳೆ.

"ನೂರ ಎಂಟು. ನಂದೇ."

"ಹೂಂ," ಎಂದು ಅವಳು ಇನ್ನೊಂದು ಕಾಲನ್ನೂ ದಿಂಬಿನ ಮೇಲಿಡುತ್ತಾಳೆ. "ಪಾತ್ರೆ ಇದೆ ನೋಡಿ."