ಅವ್ವನ ಖೋಲಿಗೊಂದು ಗ್ಯಾರೇಜ್ ಬಾಗಿಲು

೧

ಎಲ್ಲಿಂದ ಶುರು ಮಾಡಲಿ? ಲಂಡನ್ನಿನಲ್ಲಿ ಜನವರಿಯ ಚಳಿ ಇತ್ತು ಎಂದರೆ ನೀರು ಒದ್ದೆಯಾಗಿತ್ತು ಎಂದಂತೆ. ವಿಜಯಪುರದ ಶರಣಬಸವ ರೇನರ್ಸ್ ಲೇನಿನಲ್ಲಿ ಹೊಸ ಮನೆ ಕೊಂಡ ಎಂದರೆ ನೀವು ತಟ್ಟನೆ ಎಷ್ಟಾಯಿತು ಅಂತ ಕೇಳುತ್ತೀರಿ, ಕಥೆ ಅಲ್ಲೇ ದಾರಿ ತಪ್ಪುತ್ತದೆ. ಬಾಗಿಲಿನಿಂದ ಶುರು ಮಾಡೋಣವೆಂದರೆ ಬಾಗಿಲು ಇನ್ನೂ ಅಂಗಡಿಯಲ್ಲಿದೆ.

ಹೋಗಲಿ, ಮೊಣಕಾಲಿನಿಂದ ಶುರು ಮಾಡುತ್ತೇನೆ. ಶರಣಬಸವನ ತಾಯಿ ಶಿವಕ್ಕನ ಮೊಣಕಾಲು. ಮೆಟ್ಟಿಲು ಹತ್ತುವುದಿಲ್ಲವೆಂದು ಅವೆರಡೂ ಹಟ ಹಿಡಿದಿವೆ. ಹೊಸ ಮನೆಯ ಮಲಗುವ ಕೋಣೆಗಳೆಲ್ಲ ಮೇಲಿವೆ. ಕೆಳಗಿರುವುದು ಅಡುಗೆಮನೆ, ಲೌಂಜು, ಮತ್ತು ಒಂದು ಗ್ಯಾರೇಜು. ಶಿವಕ್ಕ ಬರುವವಳಿದ್ದಾಳೆ, ಬಂದರೆ ಚಳಿಗಾಲ ಕಳೆಯುವವರೆಗೂ ಇರುತ್ತಾಳೆ. ಉಳಿದದ್ದನ್ನು ನೀವೇ ಊಹಿಸಿದಿರಿ. ಗ್ಯಾರೇಜನ್ನು ಅವ್ವನ ಖೋಲಿ ಮಾಡಬೇಕು.

(ಗ್ಯಾರೇಜಿನ ಬಾಯಿಗೆ ಗೋಡೆ ಕಟ್ಟಿ ಕಿಟಕಿ ಇಟ್ಟರಾಯಿತಲ್ಲ ಎನ್ನುವ ಜಾಣ ಓದುಗರಿಗೆ: ಆಗುವುದಿಲ್ಲ. ಬೀದಿಯಿಂದ ನೋಡಿದವರಿಗೆ ಗ್ಯಾರೇಜು ಗ್ಯಾರೇಜಿನ ಹಾಗೇ ಕಾಣಬೇಕೆಂಬುದು ಆ ಬಡಾವಣೆಯ ಷರತ್ತು. ಒಳಗೆ ಅವ್ವನನ್ನಾದರೂ ಇಡಿ, ಆನೆಯನ್ನಾದರೂ ಇಡಿ, ಹೊರಗೆ ಗ್ಯಾರೇಜ್ ಬಾಗಿಲೇ ಇರಬೇಕು. ಈ ಷರತ್ತು ನಾನು ಹಾಕಿದ್ದಲ್ಲ. ಸರಿ, ನಾನೇ ಹಾಕಿದ್ದು. ಕಥೆಗೆ ಬೇಕಿತ್ತು.)

೨

ಶರಣಬಸವನಿಗೆ ಚಳಿಗಿಂತ ದೊಡ್ಡ ಭಯ ಕಿಂಗ್ಸ್‌ಬರಿಯ ಬಸವಂತಪ್ಪ ಕಾಕಾನದು. ದೂರದ ಸಂಬಂಧಿ, ಲಂಡನ್ನಿನ ಈ ಕಡೆಯ ವಿಜಯಪುರದವರಿಗೆಲ್ಲ ಹಿರಿಯ. ಗಂಟಲು ಸರಿಮಾಡಿಕೊಂಡು ಒಮ್ಮೆ "ಹ್ಞಾಂ…" ಅಂದನೆಂದರೆ ಯಾರದೋ ಮಾನ ಹೋಯಿತೆಂದೇ ಲೆಕ್ಕ. ಹೇಸ್ ಬಡಾವಣೆಯ ಶಂಕರ ತನ್ನ ತಂದೆಯನ್ನು ಲೌಂಜಿನ ಸೋಫಾ-ಬೆಡ್ಡಿನ ಮೇಲೆ ಮಲಗಿಸಿದ್ದ. ಬಸವಂತಪ್ಪ ಬಂದ, ನೋಡಿದ, ಚಹಾ ಕುಡಿದ, ಆಮೇಲೆ ಹೇಳಿದ: "ಹ್ಞಾಂ… ಶಂಕರ ಭಾರೀ ಮನಷ್ಯಾ. ಅಪ್ಪನ್ನ ರಾತ್ರಿ ಬಿಚ್ಚತಾನ, ಮುಂಜಾನೆದ್ದು ಮಡಚತಾನ."

ಶಂಕರನ ತಂದೆ ಊರು ಮುಟ್ಟುವ ಮೊದಲೇ ಆ ಮಾತು ಊರು ಮುಟ್ಟಿತ್ತು.

ಸೋಫಾಕ್ಕೇ ಹೀಗಾದರೆ ಗ್ಯಾರೇಜಿಗೆ ಏನು ಕಾದಿದೆ? ಶರಣು ಅವ್ವನ್ನ ಪಾರ್ಕ್ ಮಾಡ್ಯಾನ, ಅನ್ನುತ್ತಾನೆ.

(ಇಲ್ಲಿ ಶರಣಬಸವ ನನ್ನನ್ನು ತಡೆದ. ಕಾಕಾನಿಗೆ ಇನ್ನೂ ಹೊಳೆಯದ ಮಾತನ್ನು ನೀವೇ ಅವನ ಬಾಯಿಗಿಟ್ಟಿರಿ, ತೆಗೆಯಿರಿ ಅಂದ. ಒಳ್ಳೇ ಸಾಲು ಕಣಪ್ಪ, ಹೇಗೆ ತೆಗೆಯಲಿ ಅಂದೆ. "ಹಂಗಾರ ನಿಮ್ಮವ್ವನ್ನ ಇಡ್ರಿ ಆ ಸಾಲಿನಾಗ" ಅಂದ.)

೩

ಹೇಸ್‌ನ ಒಂದು ಬಾಗಿಲಂಗಡಿ. ಮಾರುವವನು ಎದೆ ಪರೀಕ್ಷಿಸುವ ಡಾಕ್ಟರನಂತೆ ಪ್ರತಿ ಬಾಗಿಲನ್ನೂ ಬೆರಳಿನಿಂದ ಬಡಿದು ಕೇಳಿಸಿದ. ಇಡಿಯಾಗಿ ಮೇಲಕ್ಕೆ ಮಗುಚಿಕೊಳ್ಳುವ ತಗಡಿನ ಬಾಗಿಲು: ಠಣ್. ಚಾಪೆಯಂತೆ ಸುತ್ತಿಕೊಳ್ಳುವ ರೋಲರ್ ಬಾಗಿಲು: ಟೊಕ್. ಪಟ್ಟಿಪಟ್ಟಿಯಾಗಿ ಮಡಿದು ಮೇಲೇರಿ ಛಾವಣಿಯ ಕೆಳಗೆ ಮಲಗುವ, ಎರಡು ತಗಡುಗಳ ನಡುವೆ ಗಟ್ಟಿ ಫೋಮ್ ತುಂಬಿದ ಸೆಕ್ಷನಲ್ ಬಾಗಿಲು: ಧಬ್. (ಓದುಗರೂ ಒಮ್ಮೆ ಬಾಯಲ್ಲಿ ಅಂದು ನೋಡಿ. ಧಬ್ ಅಂದಾಗಲೇ ಸ್ವಲ್ಪ ಬೆಚ್ಚಗಾಗುತ್ತದೆ.)

ಇದನ್ನು ಹಾಕಿಸಿದರೆ ನಿನ್ನ ಕಾರು ಹಾಯಾಗಿರುತ್ತದೆ ಮೈ ಫ್ರೆಂಡ್, ಅಂದ ಮಾರುವವನು. ಯಾವ ವರ್ಷದ್ದು?

ಅವ್ವನ ಗುಂಗಿನಲ್ಲೇ ಇದ್ದ ಶರಣಬಸವ ಬಾಯಿ ತಪ್ಪಿ "ಸಿಕ್ಸ್ಟಿ ನೈನ್" ಅಂದುಬಿಟ್ಟ.

"ಆಹ್, ಅ ಕ್ಲಾಸಿಕ್" ಎಂದು ಮಾರುವವನು ಕಣ್ಣರಳಿಸಿದ. ಶರಣಬಸವನ ಹೆಂಡತಿ ಸೌಜನ್ಯಾ, ಬೆಂಗಳೂರಿನವಳು, ನಗು ಮುಗಿಸಿಕೊಂಡು ಬರಲು ರೋಲರ್ ಬಾಗಿಲಿನ ಹಿಂದಕ್ಕೆ ಹೋದಳು.

ಬಂದು ಅವಳು ಹೇಳಿದ್ದು ಇಷ್ಟು: ಬಾಗಿಲು ಎಷ್ಟು ದಪ್ಪ ಇದ್ದರೇನು, ಗಾಳಿ ನುಗ್ಗುವುದು ಸಂದಿಯಿಂದ. ಹಾಗಾಗಿ ಎರಡೂ ಪಕ್ಕಕ್ಕೆ ಬ್ರಷ್ಷಿನ ಪಟ್ಟಿ, ಕೆಳಗೆ ನೆಲಕ್ಕೆ ಅಂಟಿಸುವ ದಪ್ಪ ರಬ್ಬರ್ ದಿಂಡು, ಎಲ್ಲ ಸೇರಿತು. ಬಾಗಿಲಿನ ಮೇಲ್ಪಟ್ಟಿಗೆ ಗಾಜಿನ ಕಿಟಕಿ ಬೇಕೇ ಎಂದು ಮಾರುವವನು ಕೇಳಿದ. ಶರಣಬಸವ ಬೇಡವೆಂದ. ಬೆಳಕು ಬರುತ್ತದೆ ಅಂದ ಮಾರುವವನು. ಬೆಳಕೂ ಬೇಡವೆಂದ ಇವನು.

"ಶರಣ್, ಈ ಬಾಗಿಲು ಚಳಿಗೋ, ಕಾಕಾಗೋ?" ಸೌಜನ್ಯಾ ಕೇಳಿದಳು.

ಅವನು ಬಣ್ಣದ ಪಟ್ಟಿ ನೋಡುವವನಂತೆ ನಟಿಸಿದ. ನಾನೂ ಅವನ ಜೊತೆ ನೋಡಿದೆ. ಬೂದುಬಣ್ಣದಲ್ಲಿ ಅಷ್ಟೊಂದು ಬಗೆ ಇವೆಯೆಂದು ನನಗೆ ಗೊತ್ತಿರಲಿಲ್ಲ.

೫

(೪ನ್ನು ಹರಿದು ಹಾಕಿದೆ. ಅದರಲ್ಲಿ ಶಿವಕ್ಕ ಗ್ಯಾರೇಜಿನಲ್ಲಿ ಕೂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ನನಗೆ ಬಹಳ ಹಿಡಿಸಿತ್ತು. ಅವಳೇ ಒಪ್ಪಲಿಲ್ಲ. "ಅಳಾಕ ನನಗೇನ ಧಾಡಿ? ಎರಡ ಹೀಟರ ಅದಾವ" ಅಂದಳು.)

ಶಿವಕ್ಕ ಬಂದಳು. ಮಂಚ ನೋಡಿದಳು, ಕಾರ್ಪೆಟ್ಟು ತುಳಿದಳು, ಅಡುಗೆಮನೆಗೆ ಹೋಗುವ ಒಳಬಾಗಿಲನ್ನು ತೆಗೆದು ಹಾಕಿ ಮಾಡಿದಳು. ಆಮೇಲೆ ಗೋಡೆಯ ಮೇಲಿನ ಗುಂಡಿ ಒತ್ತಿದಳು. ಒಂದು ಕಡೆಯ ಗೋಡೆಗೆ ಗೋಡೆಯೇ ಎದ್ದು ಛಾವಣಿಗೆ ಹೋಯಿತು, ಎದುರಿಗೆ ಇಡೀ ಬೀದಿ ಬಂದು ನಿಂತಿತು. ಅವಳು ಮತ್ತೆ ಮತ್ತೆ ಒತ್ತಿದಳು. ಮದುವೆಯಾದಂದಿನಿಂದ ಆಕೆ ಇದ್ದದ್ದು ನಾಲ್ವರು ನೆಗೆಣ್ಣಿಯರ ಜೊತೆ, ಎಲ್ಲರಿಗೂ ಒಂದೇ ತಲೆಬಾಗಿಲು.

"ಇಷ್ಟ ದೊಡ್ಡ ಬಾಗ್ಲಾ ನನಗೊಬ್ಬಾಕಿಗೇನೋ, ಯಪ್ಪಾ?"

ಶರಣಬಸವ ಹ್ಞೂಂಗುಟ್ಟಿ, ಕಾವು ಹೋಗುತ್ತದೆಂಬ ನೆಪ ಹೇಳಿ ಬಾಗಿಲು ಇಳಿಸಿದ. ಅಂದಿನಿಂದ ಅವಳು ಏರಿಸುವುದು, ಅವನು ಇಳಿಸುವುದು, ಅದೇ ನಡೆಯಿತು.

ಬಾಗಿಲಿಗೆ ಹೊಸ್ತಿಲಿಲ್ಲವಲ್ಲ ಎಂಬುದೊಂದೇ ಅವಳ ಕೊರಗು. ಮರುದಿನ ನೆಲದ ರಬ್ಬರ್ ದಿಂಡು ಕಣ್ಣಿಗೆ ಬಿತ್ತು. ಮುಗಿಯಿತಲ್ಲ. ದಿನಾ ಬೆಳಿಗ್ಗೆ ಬಾಗಿಲೆತ್ತಿ ಕುರ್ಚಿ ಎಳೆದುಕೊಂಡು ಕೂತು, ಅದಕ್ಕೊಂದು ತಂಬಿಗೆ ನೀರು ಸುರಿದು, ಅರಿಶಿನ-ಕುಂಕುಮ ಏರಿಸಿ, ಕೈಮುಗಿದು ಬಾಗಿಲು ಇಳಿಸುವಳು. ಗಾಳಿ ತಡೆಯಲೆಂದು ಅಂಟಿಸಿದ್ದು ಪೂಜೆ ಮಾಡಿಸಿಕೊಳ್ಳತೊಡಗಿತು. ಸೌಜನ್ಯಾ ಫೋಟೋ ತೆಗೆದಳು, ಶರಣಬಸವನಿಗೆ ತೋರಿಸಲಿಲ್ಲ.

ಭಾನುವಾರದ ಊಟಕ್ಕೆ ಬಸವಂತಪ್ಪನನ್ನು ಕರೆದವಳೂ ಶಿವಕ್ಕನೇ. ಅವನನ್ನು ತನ್ನ ಬಾಗಿಲಿನಿಂದಲೇ ಬರಮಾಡಿಕೊಳ್ಳುವುದಾಗಿ ಮಗನಿಗೆ ತಿಳಿಸಿದಳು. ಮಗನ ಯೋಜನೆ ಬೇರೆ ಇತ್ತು: ಮುಂಬಾಗಿಲು, ಲೌಂಜು, ಊಟ, ಮುಂಬಾಗಿಲು.

೬

ಭಾನುವಾರ ಬೀದಿಯೆಲ್ಲ ಉಪ್ಪು ಸವರಿದಂತೆ ಬಿಳಿ. ಶಿವಕ್ಕ ಎಂದಿನಂತೆ ನೀರು ಸುರಿದು ಬಾಗಿಲು ಇಳಿಸಿದ್ದಳು. ಅತಿಥಿ ಬರುವ ಹೊತ್ತಿಗೆ ಗುಂಡಿ ಒತ್ತಿದರೆ ಮೋಟರು ಗುಂಯ್ ಎಂದಿತೇ ಹೊರತು ಬಾಗಿಲು ಏಳಲಿಲ್ಲ. ಹೊಸ್ತಿಲ ನೀರು ಹೆಪ್ಪುಗಟ್ಟಿ ಬಾಗಿಲನ್ನು ಕಚ್ಚಿ ಹಿಡಿದಿತ್ತು.

ಸೌಜನ್ಯಾ ಹೊರಗೆ ಬಂದು ಶರಣಬಸವನ ಕೈಗೆ ಬಿಸಿನೀರಿನ ಕೆಟಲ್ ಕೊಟ್ಟು, ಬುಡಕ್ಕೆ ಸುರಿ, ಬಿಡುತ್ತೆ ಎಂದು ಹೇಳಿ ಒಗ್ಗರಣೆಗೆ ಓಡಿದಳು.

ಅವನು ಕೆಟಲ್ ಹಿಡಿದು ನಿಂತ. ಸುರಿದರೆ ಬಾಗಿಲು ಏಳುತ್ತದೆ, ಅವ್ವ ಗ್ಯಾರೇಜಿನಲ್ಲಿರುವುದು ಕಿಂಗ್ಸ್‌ಬರಿಯಿಂದ ವಿಜಯಪುರದವರೆಗೆ ಗೊತ್ತಾಗುತ್ತದೆ. ಸುರಿಯದಿದ್ದರೆ ಯಾರ ತಪ್ಪೂ ಇಲ್ಲ, ತಪ್ಪೆಲ್ಲ ಚಳಿಯದು. ಒಳಗಿನಿಂದ ದನಿ ಬಂತು: "ಶರಣೂ, ಬಾಗ್ಲಾ ತಗಿಯೋ." ಬೀದಿಯ ತಿರುವಿನಲ್ಲಿ ಬಸವಂತಪ್ಪನ ಕಾರು ಕಾಣಿಸಿತು.

ಈಗ ಮುಕ್ತಾಯ ಬೇಕು. ನನ್ನ ಬಳಿ ಎರಡಿದ್ದವು.

ಒಂದರಲ್ಲಿ ಶರಣಬಸವ ಕೆಟಲನ್ನು ಕಸದ ಬಿನ್ನಿನ ಹಿಂದೆ ಅಡಗಿಸಿ, ಅದು ಗ್ಯಾರೇಜು, ಕಾಕಾ, ಬರೀ ಸಾಮಾನು ಎಂದು ಮುಂಬಾಗಿಲಿಗೆ ಕರೆದೊಯ್ಯುತ್ತಾನೆ. ಅಲ್ಲಿಯವರೆಗೆ ಬರೆದಿದ್ದೆ. ಬಾಗಿಲಿನ ಹಿಂದಿನಿಂದ "ಯಾರಿಗೆ ಸಾಮಾನಂತಿ?" ಎಂದು ಕೇಳಿಸಿತು. ಕೇಳಿದ್ದು ಅವನನ್ನಲ್ಲ, ನನ್ನನ್ನು. ಹೊಡೆದುಹಾಕಿದೆ.

ಇನ್ನೊಂದರಲ್ಲಿ ಬಸವಂತಪ್ಪನೇ ಕೆಟಲ್ ಇಸಿದುಕೊಂಡು ನೀರು ಸುರಿದು, ಕಣ್ಣು ಒದ್ದೆ ಮಾಡಿಕೊಂಡು, ಪುಣ್ಯವಂತ ಮಗ ಅನ್ನುತ್ತಾನೆ. ಸೌಜನ್ಯಾ ಓದಿ, ನನಗೆ ಜ್ವರವೇ ಎಂದು ವಿಚಾರಿಸಿದಳು.

ಮೂರನೆಯದಕ್ಕೆ ತಲೆ ಕೆರೆದುಕೊಳ್ಳುತ್ತ ಕೂತೆ. ಕೆಟಲ್ ಆರುತ್ತಿತ್ತು. ಕಾರು ಬಂದು ನಿಂತಿತು. ಶರಣಬಸವ ನನ್ನನ್ನು ಕೇಳಲಿಲ್ಲ. ಬಗ್ಗಿ ಈ ತುದಿಯಿಂದ ಆ ತುದಿಯವರೆಗೆ ನೀರು ಸುರಿದ. ಹಬೆ ಎದ್ದಿತು, ರಬ್ಬರು ಚರ್ರೆಂದು ಬಿಟ್ಟಿತು, ಒಳಗೆ ಅವ್ವ ಗುಂಡಿ ಒತ್ತಿದಳು, ಬಾಗಿಲು ಮೊಣಕಾಲುದ್ದ ಏರಿ ಮತ್ತೆ ಸಿಕ್ಕಿಕೊಂಡಿತು. ಕೆಳಗೆ ಕುರ್ಚಿಯ ಕಾಲುಗಳ ನಡುವೆ ಉಣ್ಣೆಯ ಕಾಲುಚೀಲ ಹಾಕಿದ ಎರಡು ಪಾದಗಳು.

ಬಸವಂತಪ್ಪ ಕಾರಿನಿಂದಿಳಿದ. ಬಾಗಿಲು ನೋಡಿದ, ಪಾದ ನೋಡಿದ, ಗಂಟಲು ಸರಿಮಾಡಿಕೊಂಡ. "ಹ್ಞಾಂ…"

"ನಮ್ಮವ್ವನ ಖೋಲಿ, ಕಾಕಾ" ಅಂದ ಶರಣಬಸವ. "ಬಾಗ್ಲಾ ಹಿಡಕೊಂಡೈತಿ. ಬರ್ರಿ, ಒಂಚೂರು ಕೈ ಹಚ್ಚರಿ."

ಆ 'ಹ್ಞಾಂ'ನ ಮುಂದೆ ಇಡಲು ನನ್ನ ಬಳಿ ನಾಲ್ಕು ಮಾತು ಸಿದ್ಧವಿವೆ, ಒಂದಕ್ಕಿಂತ ಒಂದು ಖಾರ. ಯಾವುದನ್ನೂ ಇಡುವುದಿಲ್ಲ. ಅವನು ಏನೆಂದನೆಂದು ತಿಳಿಯಲೇಬೇಕಾದವರು ಕಿಂಗ್ಸ್‌ಬರಿಗೆ ಹೋಗಿ ಕೇಳಿಕೊಳ್ಳಿ. ಬಾಗಿಲನ್ನು ನಾನು ಪೂರ್ತಿ ಎತ್ತುವುದೂ ಇಲ್ಲ, ಇಳಿಸುವುದೂ ಇಲ್ಲ. ಗಂಡಸರಿಬ್ಬರೂ ಬಗ್ಗಿ ಅದಕ್ಕೆ ಕೈ ಹಚ್ಚಿದ್ದಾರೆ. ಅದರಡಿಯಿಂದ ಒಂದು ಆರತಿ ತಟ್ಟೆ ಹೊರಗೆ ಬಂದು ಬಸವಂತಪ್ಪನ ಬೂಟುಗಳ ಸುತ್ತ ತಿರುಗುತ್ತಿದೆ.

"ಯಾರ ಬೂಟ ಇವು?" ಒಳಗಿನ ದನಿ ಕೇಳುತ್ತದೆ. "ಇನ್ನೊಂಚೂರು ಮುಂದ ಬರ್ರಿ, ಗಾಳಿಗೆ ದೀಪ ಆರತೈತಿ."